ಹಬ್ಬದ ಪಂಕ್ತಿಯಲ್ಲಿ ಆಂಗ್ಲಭಾಷೆ

ಪರಭಾಷೆಯು ವ್ಯಾಕರಣದಿಂದ ಮಾತ್ರ ಬರುವುದೆಂದು ವಾಚಕರು ಭಾವಿಸಬಾರದು. ಪಂಕ್ತಿಭೋಜನದಲ್ಲಿಯೂ ಅದು ಬರುವುದುಂಟು. ಅಮೇರಿಕದಲ್ಲಿ ನವಂಬರ್ ತಿಂಗಳ ನಾಲ್ಕನೆಯ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’, ಎಂದರೆ ಕೃತಜ್ಞತೆಯ ಹಬ್ಬ. 1863ರಲ್ಲಿ ಅಧ್ಯಕ್ಷ ಲಿಂಕನ್ನರು ಇದನ್ನು ದೇಶಕ್ಕೆಲ್ಲ ಸಾರಿದರು. 1941ರ ಕಾನೂನು ದಿನವನ್ನು ಸ್ಥಿರಪಡಿಸಿತು. ಅಂದು ಅನೇಕ ಮನೆಗಳಲ್ಲಿ ಊಟಕ್ಕೆ ಕುಳಿತವರು, ತಾವು ಯಾವುದಕ್ಕೆ ಕೃತಜ್ಞರೆಂಬುದನ್ನು ಒಬ್ಬೊಬ್ಬರಾಗಿ ಹೇಳುವ ವಾಡಿಕೆಯಿದೆ. ಒಂದೇ ಬಗೆಯ ವಾಕ್ಯವನ್ನು ಹತ್ತು ಬಾಯಿಗಳಿಂದ ಕೇಳಿದ ಹೊಸಬರು, ತಮ್ಮ ಸರದಿ ಬಂದಾಗ ಕೊನೆಯ ಪದವನ್ನು ಬದಲಿಸಿದರೆ ಸಾಕು.

ಮಗನ ಮನೆಗೆಂದು ಅಲ್ಲಿಗೆ ಹೋದ ನಮ್ಮ ಹಿರಿಯ ತಾಯಂದಿರು, ತಪ್ಪಾದೀತೆಂಬ ನಾಚಿಕೆಯಿಂದ ಮೌನವಾಗಿ ಕುಳಿತರೆ ಮೊಮ್ಮಕ್ಕಳಿಗೇ ದೂರವಾದಾರು. ಆ ನಾಚಿಕೆಯನ್ನು ಬಿಡಬೇಕೆಂದು ನಮ್ಮ ಬಿನ್ನಹ. ದಸರೆಯ ಗೊಂಬೆಗಳ ಕಥೆಯನ್ನು ಅವರು ಬಂದಷ್ಟು ಆಂಗ್ಲದಲ್ಲಿ ಹೇಳಲಿ. ಮಕ್ಕಳು ಅದನ್ನೇ ಬಂದಷ್ಟು ಕನ್ನಡದಲ್ಲಿ ಒಪ್ಪಿಸಲಿ. ಹೀಗೆ ಕೊಟ್ಟು ಕೊಳ್ಳುವ ಮನೆಯಲ್ಲಿ ಯಾವ ಭಾಷೆಯೂ ಸೊರಗದು.