ಉಪನೇತ್ರವನ್ನು ತ್ಯಜಿಸುವ ಮುನ್ನ

ವಿಜಯಪುರದಲ್ಲಿ ಓದುವ ತರುಣ ತರುಣಿಯರು ಲೇಸರ್ ಚಿಕಿತ್ಸೆಯಿಂದ ಉಪನೇತ್ರವನ್ನು ತ್ಯಜಿಸಲು ಬಯಸುವುದು ಸಹಜವೇ ಸರಿ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆದುದು ಕಾಣದವರಿಗೆ ಕಾಣಿಸಲೆಂದು. ಈ ಚಿಕಿತ್ಸೆಯಾದರೋ ಉಪನೇತ್ರದಿಂದ ಚೆನ್ನಾಗಿ ಕಾಣುವವರಿಗೆ. ಆದುದರಿಂದ ಇಲ್ಲಿ ಅವಸರಕ್ಕೆ ಕಾರಣವಿಲ್ಲ.

ಲೇಸರ್ ಕಿರಣವು ಕಾರ್ನಿಯಾ ಎಂಬ ಪಾರದರ್ಶಕ ಪಟಲವನ್ನು ಕೊಂಚ ಸವೆಯಿಸಿ ಅದರ ಬಾಗನ್ನು ತಿದ್ದುತ್ತದೆ. ಸವೆದುದು ಮರಳಿ ಬಾರದು. ಆದಕಾರಣ ವಯಸ್ಸು 18 ದಾಟಿರಬೇಕು. ನಂಬರು ಒಂದು ವರ್ಷವಾದರೂ ಸ್ಥಿರವಾಗಿರಬೇಕು. ಪಟಲವು ತೀರ ತೆಳುವಾಗಿದ್ದರೆ ಅಥವಾ ಶಂಕುವಿನಂತೆ ಉಬ್ಬಿದ್ದರೆ ಈ ಚಿಕಿತ್ಸೆ ಸಲ್ಲದು. ಕೆಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗುವುದೂ ಇರುಳಲ್ಲಿ ದೀಪದ ಸುತ್ತ ಪರಿವೇಷ ಕಾಣುವುದೂ ಉಂಟು. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟದಲ್ಲಿ ದುಡಿಯುವವರು ಧೂಳು ಮತ್ತು ಸಿಂಪಡಿಸುವ ಔಷಧಗಳಿಂದ ಕೆಲವು ವಾರ ದೂರವಿರಬೇಕು. ಹಂಗಾಮು ನೋಡಿ ದಿನ ಗೊತ್ತುಮಾಡುವುದು ಲೇಸು.

ನಮ್ಮ ಕಡೆ ಉಪನೇತ್ರಕ್ಕೆ ಚಾಳೀಸು ಎನ್ನುವರು; ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು. ಲೇಸರ್ ಮಾಡಿಸಿಕೊಂಡವರಿಗೂ ನಲವತ್ತರ ತರುವಾಯ ಓದಲು ಚಾಳೀಸು ಬೇಕಾಗಬಹುದು.

ಇಷ್ಟನ್ನರಿತೂ ಬೇಕೆನಿಸಿದರೆ, ನೇತ್ರವೈದ್ಯರಿಂದ ಪಟಲವನ್ನು ಅಳೆಯಿಸಿ ನಿಶ್ಚಯಿಸಬಹುದು. ಆದರೆ ವರನ ಕಡೆಯವರು ಒಪ್ಪಲೆಂದು ಮಗಳನ್ನು ಒತ್ತಾಯಿಸುವುದು ತಾಯಿತಂದೆಗಳಿಗೆ ತರವಲ್ಲ. ಕಣ್ಣು ಯಾರದೋ ನಿರ್ಧಾರವೂ ಅವರದೇ ಆಗತಕ್ಕದ್ದು.