ಒಂದು ವಿಷಯ, ಒಂದು ವರ್ಷ

ಓದುವ ಹವ್ಯಾಸವುಳ್ಳವರಲ್ಲಿ ಬಹುಮಂದಿ ಕೈಗೆ ಸಿಕ್ಕಿದ ಪುಸ್ತಕವನ್ನು ಓದುವವರು. ಇಂದು ಪತ್ತೇದಾರಿ ಕಥೆ, ನಾಳೆ ಪ್ರವಾಸಕಥನ, ನಾಡಿದ್ದು ಯಾವುದೋ ಮಹಾಪುರುಷರ ಜೀವನಚರಿತ್ರೆ. ಇದರಲ್ಲಿ ದೋಷವೇನೂ ಇಲ್ಲ. ಓದಿನ ರುಚಿ ಹತ್ತುವುದೇ ಹೀಗೆ. ಆದರೆ ಈ ರೀತಿ ಓದಿದ ಪುಸ್ತಕಗಳು ಸಂತೆಯಲ್ಲಿ ನೆರೆದ ಅಪರಿಚಿತರಂತೆ ನಮ್ಮ ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಒಂದಕ್ಕೊಂದು ಮಾತನಾಡುವುದಿಲ್ಲ. ಅವು ಮಾತನಾಡಬೇಕಾದರೆ ಒಂದು ವಿಷಯವನ್ನು ಹಿಡಿದು, ಒಂದು ವರ್ಷಕಾಲ ಅದರ ಸುತ್ತಲೇ ಓದಬೇಕು. ತಿಂಗಳಿಗೊಂದರಂತೆ ಹನ್ನೆರಡು ಪುಸ್ತಕಗಳನ್ನು ಓದುತ್ತೇವೆಂದು ಗೆಳೆಯರು ಕೂಡಿ ಪಣ ತೊಡುವುದುಂಟು. ಪಣ ತೊಡುವುದು ಸುಲಭ. ಕಷ್ಟವಿರುವುದು ಆ ಹನ್ನೆರಡನ್ನು ಆರಿಸುವುದರಲ್ಲಿ.

ಮೊದಲು ವಿಷಯದ ಅಳತೆಯನ್ನು ನೋಡೋಣ. ‘ಪ್ರಕೃತಿ’ ಎಂದು ಆರಿಸಿಕೊಂಡರೆ ಯಾವ ಪುಸ್ತಕವನ್ನೂ ಬೇಡವೆನ್ನಲಾಗುವುದಿಲ್ಲ. ಎಲ್ಲವನ್ನೂ ಒಳಗೊಳ್ಳುವ ವಿಷಯ ಆಯ್ಕೆಗೆ ನೆರವಾಗದು. ‘ತುಂಗಾನದಿಯ ಸೇತುವೆಗಳು’ ಎಂದರೆ ಎರಡನೆಯ ತಿಂಗಳಿಗೇ ಪುಸ್ತಕಗಳು ಮುಗಿದುಹೋದಾವು. ಇವೆರಡರ ನಡುವೆ ‘ನೀರು’ ಎಂಬ ವಿಷಯವಿದೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಹೊಳೆ, ಕೆರೆ, ಕಡಲು, ಬಾವಿ, ಕಟ್ಟೆ ಎಲ್ಲವೂ ಅದರಲ್ಲಿ ಸೇರುತ್ತವೆ; ಆದರೂ ಅದಕ್ಕೊಂದು ಎಲ್ಲೆಯಿದೆ.

ಇನ್ನು ಕಾಲದ ಲೆಕ್ಕ. ದಿನಕ್ಕೆ 10 ಪುಟಗಳಂತೆ ಓದುವುದಾದರೆ, ಪರೀಕ್ಷೆ, ಹಬ್ಬ, ಜ್ವರ, ನೆಂಟರಿಷ್ಟರು ಎಂದು 65 ದಿನಗಳನ್ನು ಬಿಟ್ಟುಕೊಟ್ಟರೂ ವರ್ಷಕ್ಕೆ 3000 ಪುಟಗಳಾಗುತ್ತವೆ. ಅಂದರೆ 250 ಪುಟಗಳ ಹನ್ನೆರಡು ಪುಸ್ತಕಗಳು. ಒಂದು ದೊಡ್ಡ ಕಾದಂಬರಿಯನ್ನು ಸೇರಿಸಿದೊಡನೆ ಈ ಸಂಖ್ಯೆ ಹತ್ತಕ್ಕೆ ಇಳಿಯುತ್ತದೆ. ಇಳಿಯಲಿ. ಪುಸ್ತಕಗಳ ಸಂಖ್ಯೆಯನ್ನು ಹೆಚ್ಚಿಸುವ ಆಸೆಯಿಂದ ತೆಳು ಪುಸ್ತಕಗಳನ್ನೇ ಹುಡುಕುವವರು ಓದುತ್ತಿರುವುದು ಪುಸ್ತಕಗಳನ್ನಲ್ಲ, ಲೆಕ್ಕವನ್ನು.

ಈಗ ಗ್ರಂಥಾಲಯಕ್ಕೆ ಹೋಗೋಣ. ಅಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಪದ್ಧತಿಯನ್ನು ಇಂದಿಗೂ ಅನೇಕ ಗ್ರಂಥಾಲಯಗಳು ಅನುಸರಿಸುತ್ತವೆ. ಅದರ ಪ್ರಕಾರ ಅಣೆಕಟ್ಟಿನ ಪುಸ್ತಕ 627ರಲ್ಲಿ, ಅಂದರೆ ಎಂಜಿನಿಯರಿಂಗ್ ವಿಭಾಗದಲ್ಲಿದೆ. ಜನಪದ ಸಾಹಿತ್ಯ 398ರಲ್ಲಿದೆ. ಕನ್ನಡ ಸಾಹಿತ್ಯ 894.814ರಲ್ಲಿದೆ. ಒಂದೇ ನೀರು ಮೂರು ಕಪಾಟುಗಳಲ್ಲಿ ಹಂಚಿಹೋಗಿದೆ! ಇದು ಗ್ರಂಥಪಾಲಕರ ತಪ್ಪಲ್ಲ. ಶಾಸ್ತ್ರಗಳನ್ನು ಬೇರೆಬೇರೆಯಾಗಿ ಇಡುವುದೇ ಅವರ ಧರ್ಮ. ಹೀಗೆ ಬೇರ್ಪಟ್ಟವುಗಳನ್ನು ಮತ್ತೆ ಒಂದೆಡೆ ಕೂಡಿಸುವ ಕೆಲಸ ಓದುಗನದು. ಆದುದರಿಂದ ಒಂದೇ ಕಪಾಟಿನ ಎದುರು ನಿಂತು ಹನ್ನೆರಡು ಪುಸ್ತಕಗಳನ್ನು ಆರಿಸಿಕೊಂಡು ಬರುವವನ ಪಟ್ಟಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆಯ್ಕೆಯ ಮುಖ್ಯ ಸೂತ್ರ ಇದಕ್ಕೆ ಸಂಬಂಧಿಸಿದ್ದೇ. ಒಂದೇ ಮಾತನ್ನು ಹೇಳುವ ಪುಸ್ತಕಗಳನ್ನು ಕೂಡಿಹಾಕುವುದರಿಂದ ಪ್ರಯೋಜನವಿಲ್ಲ. ಒಂದು ಪುಸ್ತಕ ಇನ್ನೊಂದರೊಡನೆ ವಾದಿಸಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಆತ್ಮವೃತ್ತಾಂತ 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ವೃತ್ತಾಂತವನ್ನು ಅದರಲ್ಲಿ ಓದುವಾಗ, ವ್ಯರ್ಥವಾಗಿ ಹರಿದುಹೋಗುವ ನೀರನ್ನು ಕಂಡು ಚಡಪಡಿಸುವ, ಬಯಲುಸೀಮೆಯ ಗದ್ದೆಗಳನ್ನು ಮನಸ್ಸಿನಲ್ಲಿಯೇ ಹಸುರಾಗಿಸುವ ಒಂದು ಮಹಾಚೇತನದ ಪರಿಚಯ ನಮಗಾಗುತ್ತದೆ. ಮಂಡ್ಯದ ಕಬ್ಬಿನ ಗದ್ದೆಗಳನ್ನು ಕಂಡವರು ಆ ದರ್ಶನವನ್ನು ಅಲ್ಲಗಳೆಯಲಾರರು. ಅದನ್ನು ಮುಗಿಸಿದ ಮರುತಿಂಗಳೇ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಕೈಗೆತ್ತಿಕೊಳ್ಳಬೇಕು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು, ಶರಾವತಿಯ ಮುಳುಗಡೆಯನ್ನು ಸಮೀಪದಿಂದ ಕಂಡವರು ಅವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಏರುತ್ತಿರುವ ಹಿನ್ನೀರು ಸುತ್ತುವರಿದು ದ್ವೀಪವಾಗುತ್ತಿರುವ ಗುಡ್ಡದ ಮೇಲೆ, ಮನೆಯನ್ನು ಬಿಟ್ಟುಹೋಗಲಾರದೆ ಉಳಿದ ಕುಟುಂಬದ ಕಥೆ ಅದು. ಎಂಜಿನಿಯರರ ಪುಸ್ತಕದಲ್ಲಿ ನೀರಿನ ಮಟ್ಟ ಅಡಿಗಳಲ್ಲಿ ಏರುತ್ತದೆ. ಕಾದಂಬರಿಯಲ್ಲಿ ಅದು ಅಂಗಳಕ್ಕೆ ಬರುತ್ತದೆ.

ಇವರಿಬ್ಬರಲ್ಲಿ ಯಾರು ಸರಿ? ಈ ಪ್ರಶ್ನೆ ಎರಡನ್ನೂ ಓದಿದವನಿಗೆ ಮಾತ್ರ ನಿಜವಾಗಿ ಏಳುತ್ತದೆ. ಒಂದನ್ನೇ ಓದಿದವನ ಬಳಿ ಉತ್ತರ ಸಿದ್ಧವಾಗಿರುತ್ತದೆ. ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು: ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಎಂಬ ಹಳ್ಳಿಯೇ ಆ ಕಟ್ಟೆಯ ನೀರಿನಲ್ಲಿ ಮುಳುಗಿತು. ಈ ಎರಡು ಪುಸ್ತಕಗಳ ಜೊತೆಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ ಇರಲಿ. ಹೇಮಾವತಿಗೆ ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿಯುವುದಕ್ಕೆ ಹಲವು ದಶಕಗಳ ಮೊದಲು ಬರೆದ ಪುಸ್ತಕವದು. ಅದರ ತಿಳಿಹಾಸ್ಯಕ್ಕೆ ನಗುತ್ತಲೇ, ಹೊಳೆಯ ದಂಡೆಯ ಬದುಕು ಹೇಗಿತ್ತೆಂಬುದನ್ನು ನಾವು ತಿಳಿಯುತ್ತೇವೆ.

ಹೆಸರನ್ನು ನೋಡಿ ಪುಸ್ತಕವನ್ನು ಆರಿಸುವುದು ಇನ್ನೊಂದು ಅಪಾಯ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಹೆಸರಿನಲ್ಲಿ ಮಣ್ಣಿದೆ. ಆದರೆ ಮೂರು ತಲೆಮಾರುಗಳ ಆ ಕಥೆಯ ಹಿಂದೆ ಕಡಲಿನ ಮೊರೆತ ಎಡೆಬಿಡದೆ ಕೇಳಿಸುತ್ತಿರುತ್ತದೆ. ನೀರಿನ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಲ್ಲಲೇಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾಡಿನ ಕಾದಂಬರಿಯೆಂದೇ ಪ್ರಸಿದ್ಧ. ಆದರೂ ಗುತ್ತಿಯ ನಾಯಿ ಹುಲಿಯನನ್ನು ತುಂಗೆಯ ಪ್ರವಾಹ ಸೆಳೆದುಕೊಂಡು ಹೋಗುವ ಭಾಗವನ್ನು ಓದಿದವರಿಗೆ ಮಳೆಗಾಲದ ಹೊಳೆಯೆಂದರೆ ಏನೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಇದು ಏಳುನೂರು ಪುಟಗಳ ಆಚೀಚಿನ ಗ್ರಂಥ. ನಮ್ಮ ಲೆಕ್ಕದಲ್ಲಿ ಮೂರು ಪುಸ್ತಕಗಳ ಸ್ಥಳವನ್ನು ತಾನೊಂದೇ ಆಕ್ರಮಿಸುತ್ತದೆ. ಬೇಸಿಗೆಯ ರಜೆಗೆ ಇದನ್ನು ಮೀಸಲಿಡುವುದು ಲೇಸು.

ನಮ್ಮ ನಾಡಿನ ಹೊರಗಿನವು ಒಂದೆರಡಾದರೂ ಇರಬೇಕು. ಬಂಗಾಳದ ಅದ್ವೈತ ಮಲ್ಲಬರ್ಮನ್ ಮೀನುಗಾರರ ಸಮುದಾಯದಲ್ಲಿ ಹುಟ್ಟಿದವರು. ತಿತಾಸ್ ನದಿಯನ್ನೂ, ಅದು ಬತ್ತಿದಂತೆ ಬತ್ತಿಹೋದ ತಮ್ಮ ಜನರ ಬಾಳನ್ನೂ ಕುರಿತ ಅವರ ಕಾದಂಬರಿ, ಅವರು ತೀರಿಕೊಂಡ ಐದು ವರ್ಷಗಳ ಮೇಲೆ, 1956ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಅದು ಇಂಗ್ಲಿಷ್ ಅನುವಾದದಲ್ಲಿ ದೊರೆಯುತ್ತದೆ. ಅಮೆರಿಕದ ಮಾರ್ಕ್ ಟ್ವೇನ್ ಯೌವನದಲ್ಲಿ ಮಿಸಿಸಿಪ್ಪಿ ನದಿಯ ಹಡಗುಗಳನ್ನು ನಡೆಸುತ್ತಿದ್ದ. ಆ ದಿನಗಳನ್ನು ಕುರಿತು 1883ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ನದಿಯ ಸುಳಿ, ದಿಬ್ಬಗಳ ಮರ್ಮವನ್ನೆಲ್ಲ ಅರಿತ ಮೇಲೆ ಅದರ ಚೆಲುವು ತನ್ನ ಕಣ್ಣಿಗೆ ಕಾಣದಾಯಿತೆಂದು ಅವನು ಕೊರಗುತ್ತಾನೆ. ಇದು ಒಪ್ಪತಕ್ಕ ಮಾತೇ? ನನಗೆ ಸಂದೇಹವಿದೆ. ನಮ್ಮ ಅಂಬಿಗರನ್ನು ಕೇಳಿ ನೋಡಬೇಕು.

ಕಿರಿದಾದವುಗಳನ್ನು ಮರೆಯಬಾರದು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯನ್ನು ಅರ್ಧ ಗಂಟೆಯಲ್ಲಿ ಓದಬಹುದು; ನೀರು ಬಾರದ ಕೆರೆಗೆ ಬಲಿಯಾದ ಕಿರಿಸೊಸೆ ಭಾಗೀರಥಿಯನ್ನು ಮರೆಯಲು ಅರ್ಧ ಗಂಟೆ ಸಾಲದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗುವ ಸಂದರ್ಭವನ್ನು ಅಧ್ಯಾಪಕರ ಸಹಾಯದಿಂದ ಓದಬಹುದು. ಹಳಗನ್ನಡವೆಂದು ಹೆದರುವವರು ಅದನ್ನು ಕೊನೆಗೆ ಇಟ್ಟುಕೊಳ್ಳಲಿ.

ಇಲ್ಲಿಗೆ ಒಂಬತ್ತಾದುವು. ಹತ್ತನೆಯ ಸಾಲನ್ನು ಜೂನ್ ತಿಂಗಳಲ್ಲಿಯೇ ತುಂಬದೆ ಖಾಲಿ ಬಿಡಬೇಕು. ‘ದ್ವೀಪ’ವನ್ನು ಓದಿದವನಿಗೆ, ಮುಳುಗಡೆಯಾದ ಊರುಗಳ ಜನ ಆಮೇಲೆ ಎಲ್ಲಿಗೆ ಹೋದರು, ಅವರಿಗೆ ನೆಲ ದೊರೆಯಿತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಬ್ಬನನ್ನು ತಿತಾಸ್ ಏಕೆ ಬತ್ತಿತೆಂಬ ಕುತೂಹಲ ಕಾಡೀತು. ಮೊದಲನೆಯವನು ಹಳೆಯ ವೃತ್ತಪತ್ರಿಕೆಗಳ ಕಟ್ಟನ್ನೂ, ಎರಡನೆಯವನು ಭೂಗೋಳದ ಕಪಾಟನ್ನೂ ಹುಡುಕಿಕೊಂಡು ಹೋಗುತ್ತಾನೆ. ಆ ಸಾಲಿನಲ್ಲಿ ಇಬ್ಬರೂ ಒಂದೇ ಹೆಸರನ್ನು ಬರೆಯುವುದಿಲ್ಲ.