ಅಮ್ಮನ ಸಾರಿನ ಪುಡಿ, ಮೊಮ್ಮಗಳ ಪಾಠ

ನನ್ನ ಅಮ್ಮ ಅಡುಗೆಯ ಅಳತೆಗಳನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದಳು. ಕೊತ್ತಂಬರಿ ಬೀಜ ಪಾವಿನ ಲೆಕ್ಕದಲ್ಲಿ, ಬ್ಯಾಡಗಿ ಮೆಣಸಿನಕಾಯಿ ಎಣಿಕೆಯ ಲೆಕ್ಕದಲ್ಲಿ. ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪುಸ್ತಕವನ್ನು ರದ್ದಿಗೆ ಹಾಕಿದೆ.

ಆಮೇಲೆ ನನ್ನ ಬುದ್ಧಿವಂತಿಕೆ ಶುರುವಾಯಿತು. ಈಗಿನವರಿಗೆ ಪಾವು ಏನು ಗೊತ್ತು ಎಂದುಕೊಂಡು, ಪಾವಿಗೆ 250 ಗ್ರಾಂ ಎಂದು ಹಿಡಿದು ಎಲ್ಲವನ್ನೂ ಬದಲಾಯಿಸಿ ಅದೇ ಫೈಲಿನಲ್ಲಿ ಸೇವ್ ಮಾಡಿದೆ. ಅದರಂತೆ ಪುಡಿ ಮಾಡಿದ ಅಕ್ಕ ಫೋನಿನಲ್ಲಿ, "ಇದೇನೇ, ಸಾರೆಲ್ಲ ಬರೀ ಕೊತ್ತಂಬರಿ ಬೀಜದ ವಾಸನೆ!" ಎಂದಳು. ಪಾವು ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಕೊತ್ತಂಬರಿ ಬೀಜ ಹಗುರ. ಪಾವಿಗೆ ಅಷ್ಟು ತೂಗುವುದೇ ಇಲ್ಲ. ಪಾವಿನ ಲೆಕ್ಕವನ್ನು ಭಾಗಿಸಿ ಮತ್ತೆ ಪಡೆದೆ. ಆದರೆ ಅಂದಾಜಿನಲ್ಲಿ ಗ್ರಾಂ ಮಾಡಿದ್ದ ಮೆಣಸಿನಕಾಯಿಯ ಎಣಿಕೆ ಹೋಗಿಯೇ ಹೋಯಿತು.

ರಜೆಗೆ ಬಂದ ಮೊಮ್ಮಗಳು ಎಂಟನೇ ತರಗತಿ. "ಗಿಟ್ ಇದ್ದಿದ್ರೆ ಹಳೇದೂ ಉಳೀತಿತ್ತು ಅಜ್ಜಿ" ಎಂದಳು. ಲಿನಕ್ಸ್ ಖ್ಯಾತಿಯ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ತಂತ್ರಾಂಶವಂತೆ ಇದು. ಸಾವಿರಾರು ಜನ ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂದು ನೆನಪಿಡುವುದೇ ಇದರ ಕೆಲಸ. ಗಿಟ್‌ಗೆ ಆಜ್ಞೆಗಳನ್ನು ಟೈಪ್ ಮಾಡಬೇಕು. ಗಿಟ್‌ಹಬ್ ಡೆಸ್ಕ್‌ಟಾಪ್ ಎಂಬ ಉಚಿತ ಆ್ಯಪ್‌ನಲ್ಲಾದರೆ ಗುಂಡಿ ಒತ್ತಿದರೆ ಸಾಕು. ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಸಿಗುತ್ತದೆ.

ಮೊದಲು ಖಾತೆ ಕೇಳುತ್ತದೆ; ಆ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬಹುದು. ನನ್ನ ಹೆಸರು, ಇಮೇಲ್ ಕೊಟ್ಟು ಹೊಸ 'ರೆಪಾಸಿಟರಿ' ತೆರೆದೆವು. ನೆನಪಿನ ಶಕ್ತಿಯಿರುವ ಫೋಲ್ಡರ್ ಎಂದುಕೊಳ್ಳಿ. ಅದಕ್ಕೆ ಇಂಗ್ಲಿಷ್ ಅಕ್ಷರದ ಹೆಸರು ಕೊಡಬೇಕು. ಒಳಗಿನ ಬರಹ ಕನ್ನಡದಲ್ಲಿರಬಹುದು. ನೋಟ್‌ಪ್ಯಾಡಿನ ಸಾದಾ ಫೈಲ್ ಒಳ್ಳೆಯದು. ವರ್ಡ್ ಫೈಲಾದರೆ ಯಾವ ಸಾಲು ಬದಲಾಯಿತೆಂದು ಈ ಆ್ಯಪ್ ತೋರಿಸುವುದಿಲ್ಲ.

ಫೈಲನ್ನು ಸೇವ್ ಮಾಡಿದೊಡನೆ ಅಳಿಸಿದ ಸಾಲು ಕೆಂಪಾಗಿ, ಸೇರಿಸಿದ್ದು ಹಸಿರಾಗಿ ಕಾಣುತ್ತದೆ. ಎಡಗಡೆ ಕೆಳಗಿನ ಪೆಟ್ಟಿಗೆಯಲ್ಲಿ ಏನು ಮಾಡಿದೆವೆಂದು ಒಂದು ಸಾಲು ಬರೆದು 'ಕಮಿಟ್' ಒತ್ತಬೇಕು. ಸೇವ್ ಮಾಡಿದ್ದಷ್ಟೇ ಸಾಲದು. ಕಮಿಟ್ ಮಾಡಿದ್ದನ್ನೇ ಗಿಟ್ ನೆನಪಿಡುವುದು.

ಪರೀಕ್ಷೆಗೆಂದು ಮೊಮ್ಮಗಳು ಸಾರಿನ ಪುಡಿಯ ಸಾಲುಗಳನ್ನೆಲ್ಲ ಅಳಿಸಿ, ಕಮಿಟ್ ಒತ್ತಿ, ನನ್ನ ಮುಖ ನೋಡಿದಳು. ನನ್ನ ಎದೆ ಧಸಕ್ಕೆಂದಿತು. ಅವಳು ನಗುತ್ತ 'ಹಿಸ್ಟರಿ'ಗೆ ಹೋಗಿ, ಆ ಕಮಿಟ್‌ನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ರಿವರ್ಟ್' ಆರಿಸಿದಳು. ಸಾಲುಗಳು ಮರಳಿ ಬಂದವು! ಅಳಿಸಿದ್ದೂ ಮರಳಿ ತಂದದ್ದೂ ಎರಡೂ ಹಿಸ್ಟರಿಯಲ್ಲಿ ಉಳಿದವು.

ಒಂದು ಎಚ್ಚರಿಕೆ. ಕಂಪ್ಯೂಟರೇ ಕೆಟ್ಟರೆ ಈ ನೆನಪೂ ಹೋಗುತ್ತದೆ. ಅದಕ್ಕೆ 'ಪಬ್ಲಿಷ್' ಮಾಡಿ ಗಿಟ್‌ಹಬ್ ತಾಣದಲ್ಲೂ ಒಂದು ಪ್ರತಿ ಇಡಬಹುದು. ಆಗ ಖಾತೆ ಬೇಕು. 13 ವರ್ಷ ತುಂಬದ ಮಕ್ಕಳಿಗೆ ಅದಿಲ್ಲ. 'ಪ್ರೈವೇಟ್' ಎಂಬಲ್ಲಿ ಗುರುತು ಇದೆಯೇ ಎಂದು ನೋಡಿಕೊಳ್ಳಿ. ಪಾಸ್‌ವರ್ಡ್, ಬ್ಯಾಂಕಿನ ವಿವರ ಮಾತ್ರ ಅಲ್ಲಿ ಬರೆಯಲೇಬೇಡಿ. ಅಳಿಸಿದರೂ ಹಿಸ್ಟರಿಯಲ್ಲಿ ಉಳಿದಿರುತ್ತವೆ.

ಈಗ ನಾನು, ಅಕ್ಕ ಮೆಣಸಿನಕಾಯಿಯ ಎಣಿಕೆ ಹುಡುಕುತ್ತಿದ್ದೇವೆ. ಪ್ರತಿ ಸಲ ಪುಡಿ ಮಾಡಿದಾಗಲೂ ಒಂದು ಕಮಿಟ್. "12 ಹಾಕಿದೆ, ಖಾರ ಸಾಲದು." "15 ಹಾಕಿದೆ, ಅಮ್ಮನ ಸಾರಿಗೆ ಹತ್ತಿರ ಬಂತು." ಅಮ್ಮನ ಪುಸ್ತಕ ಮರಳಿ ಬರುವುದಿಲ್ಲ. ಮನೆಯಲ್ಲಿ ಹಿರಿಯರ ಕೈಬರಹವಿದ್ದರೆ, ಟೈಪ್ ಮಾಡಿದ ಮೇಲೂ ಅದನ್ನು ರದ್ದಿಗೆ ಹಾಕಬೇಡಿ.